ಕರಸ್ಥಲದ ಲಿಂಗವೂ ಕೈಯೊಳಗಿನ ಯಂತ್ರವೂ

ವೀರಶೈವ ಸಿದ್ಧಾಂತದಲ್ಲಿ ಅಂಗೈಗೆ ಸಂದಿರುವ ಮಹತ್ತ್ವವು ಅಸಾಧಾರಣವಾದುದು. ಶ್ರೀಗುರುವು ದೀಕ್ಷಾಕಾಲದಲ್ಲಿ ಶಿಷ್ಯನ ಮಸ್ತಕದಲ್ಲಿರುವ ಚಿತ್ಕಳೆಯನ್ನು ಇಷ್ಟಲಿಂಗದಲ್ಲಿ ನೆಲೆಗೊಳಿಸಿ, ಅದನ್ನು ಅವನ ಎಡಗೈಯ ಮೇಲಿಡುತ್ತಾನೆ. ಅಲ್ಲಿಂದ ಮುಂದೆ ಆ ಅಂಗೈಯೇ ಪೀಠ. ಪೂಜಕನ ಶರೀರವೇ ಆಲಯ. ಕರಸ್ಥಲವೆಂಬ ಮಾತನ್ನು ಶರಣರು ಅಲಂಕಾರಕ್ಕಾಗಿ ಬಳಸಿದವರಲ್ಲ. ಕೈ ಹಿಡಿದುದು ಕಣ್ಣಿಗೆ ಸಲ್ಲುತ್ತದೆ, ಕಣ್ಣು ಹಿಡಿದುದು ಮನಕ್ಕೆ ಸಲ್ಲುತ್ತದೆ, ಮನ ಹಿಡಿದುದು ಕಡೆಗೆ ಭಾವವಾಗಿ ನಿಂತುಬಿಡುತ್ತದೆ. ಇಷ್ಟಲಿಂಗ, ಪ್ರಾಣಲಿಂಗ, ಭಾವಲಿಂಗಗಳೆಂಬ ಕ್ರಮವು ಈ ಮೆಟ್ಟಿಲುಗಳನ್ನೇ ಸೂಚಿಸುವುದು. ಆದಕಾರಣ ಒಬ್ಬ ಮನುಷ್ಯನು ತನ್ನ ಎಡಗೈಯಲ್ಲಿ ದಿನದ ಎಷ್ಟು ಹೊತ್ತು ಏನನ್ನು ಹಿಡಿದಿರುತ್ತಾನೆ ಎಂಬ ಪ್ರಶ್ನೆಯು ಸಣ್ಣ ಪ್ರಶ್ನೆಯಲ್ಲ.

ಈಗ ಅದೇ ಅಂಗೈಗೆ ಇನ್ನೊಂದು ವಸ್ತು ಬಂದು ಕುಳಿತಿದೆ. ಅದೂ ಕಪ್ಪು, ಅದಕ್ಕೂ ಹೊಳಪುಂಟು, ಇಷ್ಟಲಿಂಗಕ್ಕೆ ಕರಡಿಗೆಯಿರುವಂತೆ ಅದಕ್ಕೂ ಒಂದು ಕವಚವುಂಟು. 2007ರಲ್ಲಿ ಅಮೆರಿಕೆಯಲ್ಲಿ ಐಫೋನು ಮಾರಾಟಕ್ಕೆ ಬಂದಿತು. 2008ರಲ್ಲಿ ಆಂಡ್ರಾಯ್ಡ್ ತಂತ್ರಾಂಶವುಳ್ಳ ಮೊದಲ ಫೋನು ಬಂದಿತು. ಅಲ್ಲಿಂದೀಚೆಗೆ ಎರಡು ದಶಕ ತುಂಬುವುದರೊಳಗೆ ಹಳ್ಳಿಯ ಕಟ್ಟೆಯ ಮೇಲೆ ಕುಳಿತ ಮುದುಕನ ಕೈಗೂ ಈ ಯಂತ್ರವು ತಲಪಿದೆ. ಇದನ್ನು ಕಂಡೊಡನೆ ಕಲಿಯ ಮಾಯೆಯೆಂದು ಬೈಯುವುದು ಸುಲಭ. ಆದರೆ ಶರಣರು ಉಪಕರಣಗಳನ್ನು ಬೈದವರಲ್ಲ. ಅಂಬಿಗರ ಚೌಡಯ್ಯನಿಗೆ ಹುಟ್ಟು, ಮೇದಾರ ಕೇತಯ್ಯನಿಗೆ ಬಿದಿರು, ಜೇಡರ ದಾಸಿಮಯ್ಯನಿಗೆ ಮಗ್ಗ, ಹಡಪದ ಅಪ್ಪಣ್ಣನಿಗೆ ಹಡಪ. ಇವು ಅವರ ಕಾಯಕದ ಅಂಗಗಳಾಗಿದ್ದವು. ಹುಟ್ಟನ್ನು ಪೂಜಿಸಿದ ಅಂಬಿಗನೂ ಇಲ್ಲ, ಹುಟ್ಟನ್ನು ಹಳಿದ ಅಂಬಿಗನೂ ಇಲ್ಲ. ದೋಣಿ ದಡ ಸೇರಿದಮೇಲೆ ಅದನ್ನು ಕೆಳಗಿಡುವುದು ಮಾತ್ರ ಅವನಿಗೆ ತಿಳಿದಿತ್ತು. ವಿಚಾರವು ಈ ಕೆಳಗಿಡುವ ಮಾತಿನಲ್ಲಿಯೇ ಇದೆ.

ತಿಪಟೂರು ಸೀಮೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಗೃಹಸ್ಥನೊಬ್ಬನಿದ್ದಾನೆ. ನೇಮದ ಮನುಷ್ಯ, ಲಿಂಗಪೂಜೆಯಿಲ್ಲದೆ ನೀರನ್ನೂ ಮುಟ್ಟುವವನಲ್ಲ. ಅವನ ಬಳಿ ಆರು ವರ್ಷಗಳಿಂದ ಒಂದು ಮೊಬೈಲ್ ಇತ್ತು. ಕೊಬ್ಬರಿಯ ಧಾರಣೆ ತಿಳಿಯುವುದು, ಲಾರಿಯವರೊಡನೆ ಮಾತನಾಡುವುದು, ಹಣ ಕಳುಹಿಸುವುದು, ಎಲ್ಲವೂ ಅದರಲ್ಲಿಯೇ. ಈ ಯಂತ್ರಗಳೊಳಗಿರುವ ಲಿಥಿಯಂ ಬ್ಯಾಟರಿಗೆ ಆಯುಸ್ಸೆಂಬುದೊಂದುಂಟು. ತುಂಬುವುದು, ಬರಿದಾಗುವುದು, ಮತ್ತೆ ತುಂಬುವುದು; ಹೀಗೆ ಕೆಲವು ನೂರು ಆವೃತ್ತಿಗಳಾದಮೇಲೆ ಅದರ ಧಾರಣಶಕ್ತಿ ಕುಂದುತ್ತ ಬರುತ್ತದೆ. ಉಸಿರಿನ ಲೆಕ್ಕದ ಮೇಲೆ ನಿಂತ ಈ ಶರೀರಕ್ಕೂ ಅದಕ್ಕೂ ಇಷ್ಟರಮಟ್ಟಿಗೆ ಹೋಲಿಕೆಯುಂಟೆನ್ನಬಹುದು. ಮಧ್ಯಾಹ್ನದ ಹೊತ್ತಿಗೇ ಫೋನು ಆರಿಹೋಗತೊಡಗಿದಾಗ ಮಕ್ಕಳು ಹಟಹಿಡಿದು ಹೊಸದನ್ನು ಕೊಡಿಸಿದರು.

ಮೊದಲ ಸಂಜೆಯ ಆ ಸಂಭ್ರಮವನ್ನು ಅವನು ಮುಂದೆ ಮಠದಲ್ಲಿ ಮರೆಮಾಚದೆ ಹೇಳಿಕೊಂಡನು. ಹಳೆಯ ಫೋನಿನ ತೆರೆಯು ಸೆಕೆಂಡಿಗೆ 60 ಸಲ ಚಿತ್ರವನ್ನು ಹೊಸದಾಗಿಸುತ್ತಿದ್ದರೆ, ಹೊಸದರ ತೆರೆಯು 120 ಸಲ ಹೊಸದಾಗಿಸುತ್ತದೆ. ಬೆರಳು ಸೋಕಿದೊಡನೆ ಅಕ್ಷರಗಳು ಬೆಣ್ಣೆಯ ಮೇಲೆ ಜಾರಿದಂತೆ ಜಾರುತ್ತವೆ. ಕತ್ತಲೆಯಲ್ಲಿ ತೆಗೆದ ಚಿತ್ರವೂ ಬೆಳಕಿನಲ್ಲಿ ತೆಗೆದಂತೆ ಕಾಣುತ್ತದೆ. ಬಾಯಲ್ಲಿ ಆಡಿದ ಕನ್ನಡವನ್ನು ಅದು ಅಕ್ಷರಕ್ಕಿಳಿಸುತ್ತದೆ. ಈ ಕೊನೆಯದನ್ನು ಕೊಂಡಾಡಲೇಬೇಕು. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಲಿಪಿಗೆ ಸ್ಥಾನ ದೊರೆಯದಿದ್ದರೆ ಇಂದು ಈ ಸೌಲಭ್ಯ ಇಷ್ಟು ಸುಲಭವಾಗಿ ಒದಗುತ್ತಿರಲಿಲ್ಲ. ತನ್ನದೇ ಭಾವಚಿತ್ರವನ್ನು ತೆಗೆದು ನೋಡಿಕೊಂಡಾಗ ಮಾತ್ರ ಅವನಿಗೆ ಬೆರಗಾಯಿತು. ಕೆನ್ನೆಯ ಸುಕ್ಕು ಇಲ್ಲ, ಹಣೆಯ ಕಲೆ ಇಲ್ಲ. ಯಾರೂ ಕೇಳದಿದ್ದರೂ ಯಂತ್ರವು ತಾನಾಗಿ ಅವನ್ನು ಅಳಿಸಿ ನುಣುಪುಮಾಡಿತ್ತು. ಮೊಮ್ಮಗಳು ನೋಡಿ, "ತಾತ ಮದುಮಗನ ಥರ ಕಾಣ್ತಾನೆ" ಎಂದು ನಕ್ಕಳಂತೆ. ಕನ್ನಡಿಯನ್ನು ಜನರು ಇಟ್ಟುಕೊಳ್ಳುವುದು ಮುಖದ ಮಸಿಯನ್ನು ಕಂಡು ಒರೆಸಿಕೊಳ್ಳುವುದಕ್ಕಾಗಿ. ಮಸಿಯನ್ನು ತಾನೇ ಮುಚ್ಚಿ ತೋರಿಸುವ ಕನ್ನಡಿಯನ್ನು ಏನೆಂದು ಕರೆಯಬೇಕೋ ತಿಳಿಯದು.

ಮರುದಿನ ಮಂಡಿಯಲ್ಲಿ ಅದನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟನು. ಕುಲ, ಛಲ, ಧನ, ರೂಪ, ಯೌವನ, ವಿದ್ಯೆ, ರಾಜ್ಯ, ತಪಗಳೆಂಬ ಅಷ್ಟಮದಗಳಲ್ಲಿ ಇದು ಯಾವುದಕ್ಕೆ ಸೇರಬೇಕೆಂದು ಕೇಳಿದರೆ, ಧನಮದಕ್ಕೂ ಸೇರುತ್ತದೆ, ಆ ಭಾವಚಿತ್ರದ ದೆಸೆಯಿಂದ ರೂಪಮದಕ್ಕೂ ಸೇರುತ್ತದೆ. ಆದರೆ ಇಂಥ ಮದವು ನಾಲ್ಕು ದಿನದ್ದು. ನೆರೆಯವನು ಇನ್ನೂ ಹೊಸದನ್ನು ತಂದ ದಿನ ಅದು ತಾನಾಗಿ ಇಳಿಯುತ್ತದೆ. ನಿಜವಾದ ತೊಡಕು ಬಂದುದು ಬೇರೆ ಕಡೆಯಿಂದ.

ಮೂರನೆಯ ದಿನ ಬೆಳಗ್ಗೆ ಅವನು ಸ್ನಾನ ಮಾಡಿ, ವಿಭೂತಿ ಧರಿಸಿ, ಕರಡಿಗೆಯನ್ನು ಬಿಚ್ಚಿ, ಲಿಂಗವನ್ನು ಎಡಗೈಯಲ್ಲಿ ಬಿಜಯಂಗೈಸಿಕೊಂಡು ದೃಷ್ಟಿಯನ್ನು ನಿಲ್ಲಿಸಿದನು. ಮಂತ್ರಸ್ಮರಣೆ ನಡೆದಿತ್ತು. ಅಷ್ಟರಲ್ಲಿ ಅವನ ಎಡಗೈಯ ಹೆಬ್ಬೆರಳು ತಾನಾಗಿಯೇ ಮೇಲಕ್ಕೆದ್ದು, ಲಿಂಗದ ಮೇಲೆ ಕೆಳಗಿನಿಂದ ಮೇಲಕ್ಕೆ ಒಮ್ಮೆ ಸರಿಯಿತು. ಮತ್ತೊಮ್ಮೆ ಸರಿಯಿತು. ಮುಂದಿನದನ್ನು ತೋರಿಸೆಂದು ಫೋನಿನ ಗಾಜನ್ನು ತಳ್ಳುವ ರೀತಿಯಲ್ಲಿಯೇ ಲಿಂಗವನ್ನು ತಳ್ಳಿತ್ತು. ಅದನ್ನು ಕಂಡು ಅವನ ಮೈ ಬೆವರಿತು. ಪೂಜೆಯನ್ನು ಹೇಗೋ ಮುಗಿಸಿದನು; ಪ್ರಸಾದ ಗಂಟಲಲ್ಲಿ ಇಳಿಯಲಿಲ್ಲ. ನಲವತ್ತು ವರ್ಷ ಲಿಂಗವನ್ನು ಹಿಡಿದ ಕೈ ಮೂರು ದಿನಗಳಲ್ಲಿ ಹೀಗೇಕಾಯಿತೆಂಬ ಸಂಕಟದಿಂದ ಸೋಮವಾರ ಮಠಕ್ಕೆ ಬಂದು ಸ್ವಾಮಿಗಳ ಪಾದಕ್ಕೆ ಬಿದ್ದನು.

"ಬುದ್ಧೀ, ಫೋನನ್ನು ಬಾವಿಗೆ ಎಸೆದುಬಿಡುತ್ತೇನೆ, ಅಪ್ಪಣೆಯಾಗಲಿ" ಎಂದನು.

ಸ್ವಾಮಿಗಳು ನಕ್ಕು, "ಬಾವಿ ಏನು ತಪ್ಪು ಮಾಡಿತಪ್ಪ? ಬೆರಳು ನಿನ್ನದು. ಅದನ್ನೂ ಎಸೆಯುತ್ತೀಯಾ?" ಎಂದು ಕೇಳಿದರು. ಆಮೇಲೆ ಅವನನ್ನು ಕೂರಿಸಿಕೊಂಡು ತಿಳಿಯಹೇಳಿದ ವಿಷಯವು ಪ್ರಸಾದಿಸ್ಥಲಕ್ಕೆ ಸಂಬಂಧಪಟ್ಟುದಾದುದರಿಂದ ಇಲ್ಲಿ ಸ್ವಲ್ಪ ವಿಸ್ತರಿಸುವುದು ಯುಕ್ತ.

ಷಟ್‌ಸ್ಥಲ ಶಾಸ್ತ್ರದಲ್ಲಿ ಒಂದೊಂದು ಇಂದ್ರಿಯಕ್ಕೆ ಒಂದೊಂದು ಲಿಂಗವು ಅಧಿಷ್ಠಾನವಾಗಿದೆ. ಘ್ರಾಣಕ್ಕೆ ಆಚಾರಲಿಂಗ, ಜಿಹ್ವೆಗೆ ಗುರುಲಿಂಗ, ನೇತ್ರಕ್ಕೆ ಶಿವಲಿಂಗ, ತ್ವಕ್ಕಿಗೆ ಜಂಗಮಲಿಂಗ, ಶ್ರೋತ್ರಕ್ಕೆ ಪ್ರಸಾದಲಿಂಗ, ಹೃದಯಕ್ಕೆ ಮಹಾಲಿಂಗ. ಗಂಧ, ರುಚಿ, ರೂಪು, ಸ್ಪರ್ಶ, ಶಬ್ದಗಳು ಮೊದಲ ಐದಕ್ಕೆ ಸಲ್ಲುವ ಪದಾರ್ಥಗಳು. ಆರನೆಯದಾದ ಮಹಾಲಿಂಗಕ್ಕೆ ಸಲ್ಲುವುದು ತೃಪ್ತಿ. ಹೂವಿನ ಪರಿಮಳವು ಮೂಗಿಗೆ ಬಂದರೆ ಅದು ಭೋಗ. ಅದೇ ಪರಿಮಳವನ್ನು ಆಚಾರಲಿಂಗಕ್ಕೆ ಅರ್ಪಿಸಿ ಸ್ವೀಕರಿಸಿದರೆ ಪ್ರಸಾದ. ಪದಾರ್ಥ ಒಂದೇ; ನಡುವೆ ಅರ್ಪಣೆಯುಂಟೋ ಇಲ್ಲವೋ ಎಂಬುದೊಂದೇ ಭೇದ. ಅರ್ಪಿತವಲ್ಲದುದನ್ನು ಪ್ರಸಾದಿಯು ಮುಟ್ಟುವುದಿಲ್ಲ.

ಈಗ ಈ ಕೋಷ್ಟಕದಲ್ಲಿ ಯಂತ್ರವನ್ನು ಇಟ್ಟು ನೋಡಬೇಕು. ಅದು ರೂಪನ್ನು ಕೊಡುತ್ತದೆ, ಧಾರಾಳವಾಗಿ ಕೊಡುತ್ತದೆ. ಶಬ್ದವನ್ನು ಕೊಡುತ್ತದೆ. ನುಣುಪಾದ ಸ್ಪರ್ಶವನ್ನೂ ಕೊಡುತ್ತದೆ; ಕರೆ ಬಂದಾಗ ಅಂಗೈಯಲ್ಲಿ ನಡುಗುತ್ತದೆ ಕೂಡ. ಗಂಧ ಮತ್ತು ರುಚಿಗಳು ಅದರಿಂದ ಆಗುವುದಿಲ್ಲ. ಅನ್ನದ ಚಿತ್ರವು ಬರುತ್ತದೆ, ಅನ್ನ ಬರುವುದಿಲ್ಲ. ಆರನೆಯದಾದ ತೃಪ್ತಿಯ ವಿಷಯವೇನು? ತೃಪ್ತಿಯೆಂಬುದು ಸಾಕೆನ್ನುವ ಜಾಗ. ಪುಸ್ತಕಕ್ಕೆ ಕಡೆಯ ಪುಟವುಂಟು, ಎಲೆಗೆ ಕಡೆಯ ತುತ್ತುಂಟು, ಪುರಾಣಪ್ರವಚನಕ್ಕೆ ಮಂಗಳವುಂಟು. ಈ ತೆರೆಯ ಮೇಲೆ ಮಾತ್ರ ಎಷ್ಟು ತಳ್ಳಿದರೂ ಕೆಳಗೆ ಇನ್ನಷ್ಟು ಬರುತ್ತಲೇ ಇರುತ್ತದೆ. ಇದು ಆಕಸ್ಮಿಕವಾಗಿ ಆದುದಲ್ಲ. ಹೀಗೆ ತಳವೇ ಸಿಗದಂತೆ ಪುಟವನ್ನು ಹರಿಯಬಿಡುವ ಉಪಾಯವನ್ನು 2006ರ ಸುಮಾರಿಗೆ ರೂಪಿಸಿದವನು ಅಜಾ ರಾಸ್ಕಿನ್ ಎಂಬ ಅಮೆರಿಕೆಯ ತಂತ್ರಜ್ಞ. ಅದರ ಫಲವನ್ನು ಕಂಡು ಮುಂದೆ ಅವನೇ ಬಹಿರಂಗವಾಗಿ ವಿಷಾದಪಟ್ಟನು. ಹೆಬ್ಬೆರಳಿಗೆ ನಿಲ್ಲುವ ಜಾಗವನ್ನು ತೋರಿಸದೆ ಅಭ್ಯಾಸ ಮಾಡಿಸಿದರೆ, ಅದು ಲಿಂಗದ ಮೇಲೆ ಬಂದಾಗಲೂ ನಿಲ್ಲುವುದಿಲ್ಲ. ಅಭ್ಯಾಸಕ್ಕೆ ಪೂಜಾಗೃಹದ ಹೊಸ್ತಿಲು ತಿಳಿಯದು.

ಹಾಗಾದರೆ ಲಿಂಗವು ಕೊಡುವುದೇನು? ಅದರಲ್ಲಿ ನೋಡುವುದಕ್ಕೆ ಏನೂ ಇಲ್ಲವೆಂಬುದೇ ಅದರ ಮಹಿಮೆ. ನಿನ್ನೆ ಇದ್ದಂತೆ ಇಂದು ಇದೆ. ಕಂತೆಯ ಕರಿಯ ಹೊಳಪಿನಲ್ಲಿ ದೀಪದ ಒಂದು ಬಿಂದು ಮಾತ್ರ ಕಾಣುತ್ತದೆ. ಸೆಕೆಂಡಿಗೆ 120 ಸಲ ಬದಲಾಗುವುದನ್ನು ನೋಡಿ ಬಂದ ಕಣ್ಣಿಗೆ ಇದು ಬೇಸರವಾಗಿ ತೋರಿದರೆ ಆಶ್ಚರ್ಯವಿಲ್ಲ. ಆ ಬೇಸರದ ಆಚೆಗೇ ಪ್ರಾಣಲಿಂಗಿಯ ಸ್ಥಲವಿರುವುದು. ಬೇಸರದ ಬಾಗಿಲಲ್ಲಿಯೇ ಹಿಂದಿರುಗುವವನಿಗೆ ಒಳಮನೆ ಕಾಣುವುದಿಲ್ಲ.

ಸ್ವಾಮಿಗಳು ಆ ವ್ಯಾಪಾರಿಗೆ ಕೊಟ್ಟ ನೇಮವು ಬಹಳ ಸರಳವಾದುದು. "ಫೋನಿನಲ್ಲಿ ಏನನ್ನಾದರೂ ನೋಡುವ ಮುಂಚೆ, ಇದನ್ನು ಲಿಂಗದ ಮುಂದೆ ಇಡಬಹುದೇ ಎಂದು ಒಂದು ಸಲ ಕೇಳಿಕೋ. ಇಡಬಹುದಾದರೆ ಅರ್ಪಿಸಿ ನೋಡು. ಇಡಲಾರೆಯಾದರೆ ಬಿಡು" ಎಂದರು. ಕೊಬ್ಬರಿಯ ಧಾರಣೆಯನ್ನು ಇಡಬಹುದು, ಅದು ಕಾಯಕ. ದೂರದಲ್ಲಿರುವ ಅಕ್ಕನ ಕ್ಷೇಮಸಮಾಚಾರವನ್ನು ಇಡಬಹುದು. ಇವನ ಜಾತಿಯವರು ಅವನ ಜಾತಿಯವರನ್ನು ಬೈಯುವುದನ್ನು, ಯಾರದೋ ಮನೆಯ ಹೆಣ್ಣುಮಗಳ ಮಾನ ಕಳೆಯುವ ಸುದ್ದಿಯನ್ನು ಇಡಲಾಗುವುದೇ? ಹಾಗೆಯೇ, ಇಡಬಹುದೋ ಇಡಬಾರದೋ ಎಂದು ನಿರ್ಧರಿಸಲಾಗದ ಅಸಂಖ್ಯಾತ ವಸ್ತುಗಳೂ ಉಂಟು: ನಗಿಸುವವು, ಅರೆಗಳಿಗೆ ಕುತೂಹಲ ಹುಟ್ಟಿಸುವವು. ಹೊತ್ತೆಲ್ಲ ಹೋಗುವುದು ಇವುಗಳಲ್ಲಿಯೇ. ಇವುಗಳಿಗೆ ಸ್ವಾಮಿಗಳು ಬೇರೊಂದು ಅಳತೆಯನ್ನು ಹೇಳಿದರು. "ನೋಡಿ ಕೆಳಗಿಟ್ಟಮೇಲೆ ಏನು ನೋಡಿದೆಯೆಂದು ನೆನಪಿದ್ದರೆ ಅದು ಪದಾರ್ಥ. ನೆನಪೇ ಇಲ್ಲದಿದ್ದರೆ ಅದು ಪದಾರ್ಥವೂ ಅಲ್ಲ, ಬರಿಯ ಧೂಳು." ನಿನ್ನೆಯ ರಾತ್ರಿ ಎರಡು ಗಂಟೆಗಳ ಕಾಲ ನೋಡಿದುದರಲ್ಲಿ ನಾಲ್ಕನ್ನು ಹೇಳೆಂದು ಕೇಳಿದಾಗ ವ್ಯಾಪಾರಿಯು ಒಂದನ್ನು ಹೇಳಿ ಸುಮ್ಮನಾದನು.

ಪ್ರಸಂಗವಶಾತ್ ಇಲ್ಲೊಂದು ಮಾತು. ದಾಸೋಹದ ಪಂಕ್ತಿಯಲ್ಲಿ ಬಡಿಸುತ್ತಿರುವ ತಮ್ಮದೇ ಚಿತ್ರವನ್ನು ಒಂದು ಕೈಯಲ್ಲಿ ತೆಗೆದುಕೊಳ್ಳುತ್ತ ಇನ್ನೊಂದು ಕೈಯಲ್ಲಿ ಸಾರು ಬಡಿಸುವ ಭಕ್ತರನ್ನು ಇತ್ತೀಚೆಗೆ ಕಾಣಬಹುದಾಗಿದೆ. ಸಾರು ಎಲೆಯ ಹೊರಗೆ ಬೀಳುವುದು ಅದರ ಕಣ್ಣಿಗೆ ಕಾಣುವ ಫಲ. ಕಾಣದ ಫಲವನ್ನು ಅವರೇ ವಿಚಾರಿಸಿಕೊಳ್ಳಲಿ.

ಫೋನು ಕೈಜಾರಿ ನೆಲಕ್ಕೆ ಬೀಳುವ ಭಯವೂ ಹೊಸದನ್ನು ಕೊಂಡವನ ಒಂದು ಲಕ್ಷಣವೇ. ನುಲಿಯ ಚಂದಯ್ಯಗಳ ಕಥೆಯು ಇಲ್ಲಿ ಸ್ಮರಣೀಯ. ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಅವರ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದಿತು. ಅವರು ಹಿಂದಿರುಗಿ ನೋಡದೆ ಹುಲ್ಲಿನ ಹೊರೆಯನ್ನು ಹೊತ್ತು ನಡೆದರು. ಲಿಂಗವೇ ಅವರನ್ನು ಹಿಂಬಾಲಿಸಿತು. ಕಡೆಗೆ ಮಡಿವಾಳ ಮಾಚಯ್ಯಗಳ ಮಧ್ಯಸ್ಥಿಕೆ ಬೇಕಾಯಿತು. ಜಂಗಮದಾಸೋಹಕ್ಕಾಗಿ ಮಾಡುವ ಕಾಯಕವು ನಿಲ್ಲಬಾರದೆಂಬುದು ಆ ಶರಣರ ನಿಷ್ಠೆ. ಲಿಂಗವು ಬಿದ್ದಾಗಲೂ ಕಾಯಕ ನಿಲ್ಲಲಿಲ್ಲ. ಇಂದು ಫೋನಿನ ಗಾಜು ಸೀಳಿದರೆ ಮಂಡಿಯ ವ್ಯವಹಾರವೇ ನಿಲ್ಲುತ್ತದೆ. ಯಾವುದರ ಮೇಲೆ ಬದುಕು ನಿಂತಿದೆಯೆಂಬುದು ಬಿದ್ದಾಗಲೇ ತಿಳಿಯುವುದು.

ಆ ಹೊಸ ಯಂತ್ರದಲ್ಲಿ 256 ಗಿಗಾಬೈಟುಗಳ ಸಂಗ್ರಹಸ್ಥಳವಿತ್ತು. ಹಳೆಯದರಲ್ಲಿ 64 ಮಾತ್ರ. ಆರು ವರ್ಷಗಳಲ್ಲಿ ಅವನು ಆ 64ನ್ನೂ ತುಂಬಿದವನಲ್ಲ. ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯಗಳು ಬಸವಣ್ಣನವರ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತರುವ ಕಾಯಕ ಮಾಡುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚಾಗಿ ತಂದಾಗ ಅವರ ಸತಿ ಲಕ್ಕಮ್ಮನವರು, ಈ ಹೆಚ್ಚಿನದು ಆಸೆಯೆಂದೆಣಿಸಿ, ಅಕ್ಕಿಯನ್ನು ಇದ್ದಲ್ಲಿಯೇ ಸುರಿದು ಬರುವಂತೆ ಕಳುಹಿಸಿದರು. ಅಕ್ಕಿಯೇನೋ ಕದ್ದುದಲ್ಲ, ಚೆಲ್ಲಿದುದೇ. ಆದರೂ ಇಂದಿಗೆ ಬೇಕಾದುದಕ್ಕಿಂತ ಹೆಚ್ಚಿನದಕ್ಕೆ ಮನೆಯಲ್ಲಿ ಜಾಗವಿಲ್ಲವೆಂದರು. ಜಾಗವಿದೆಯೆಂಬ ಕಾರಣಕ್ಕಾಗಿಯೇ ಸಾವಿರಾರು ಚಿತ್ರಗಳನ್ನು ತುಂಬುವ ಈ ಕಾಲಕ್ಕೆ ಲಕ್ಕಮ್ಮನವರು ಬಂದಿದ್ದರೆ ಅನೇಕರು ತಮ್ಮ ಫೋನನ್ನು ಮಡಿಲಲ್ಲಿ ಮುಚ್ಚಿಟ್ಟುಕೊಳ್ಳಬೇಕಾಗುತ್ತಿತ್ತು.

ಇದಲ್ಲದೆ ಆ ಯಂತ್ರವು ಬಂದ ದಾರಿಯನ್ನೂ ಕಾಯಕದೃಷ್ಟಿಯಿಂದ ನೋಡತಕ್ಕದ್ದು. ಬ್ಯಾಟರಿಗಳಿಗೆ ಬೇಕಾಗುವ ಕೋಬಾಲ್ಟ್ ಲೋಹದ ಬಹುಭಾಗವು ಆಫ್ರಿಕದ ಕಾಂಗೋ ದೇಶದ ಗಣಿಗಳಿಂದ ಬರುತ್ತದೆ. ಅಲ್ಲಿಯ ಕೆಲವು ಗುಂಡಿಗಳಲ್ಲಿ ಚಿಕ್ಕ ಮಕ್ಕಳೂ ಅಗೆಯುವರೆಂಬುದು ಲೋಕಕ್ಕೆ ತಿಳಿದ ಸಂಗತಿ. ಫೋನುಗಳನ್ನು ಜೋಡಿಸುವ ಕೆಲಸವು ಈಗ ಕನ್ನಡ ನಾಡಿನಲ್ಲಿಯೂ ನಡೆಯುತ್ತಿದೆ. ಕೋಲಾರ ಜಿಲ್ಲೆಯ ನರಸಾಪುರದ ಕಾರ್ಖಾನೆಯಲ್ಲಿ 2020ರ ಡಿಸೆಂಬರಿನಲ್ಲಿ ಸಂಬಳದ ವಿಷಯವಾಗಿ ಕೆಲಸಗಾರರು ಸಿಡಿದೆದ್ದ ಸುದ್ದಿಯನ್ನು ಓದುಗರು ಮರೆತಿರಲಾರರು. ಗಾಜಿನ ನುಣುಪನ್ನು ಸವರುವ ಬೆರಳಿಗೆ ಆ ಕೈಗಳ ಒರಟು ತಿಳಿಯುವುದಿಲ್ಲ. ಕಾಯಕ ಮಾಡಿದವನಿಗೆ ಸಲ್ಲಬೇಕಾದುದು ಸಂದಿತೇ ಎಂಬುದು ಶರಣಧರ್ಮದ ಬುಡದ ಪ್ರಶ್ನೆ. ಈ ಪ್ರಶ್ನೆಯು ಆ ವ್ಯಾಪಾರಿಯ ಮನೆಗೂ ಬಂದಿತು. ಬಂದ ಬಗೆ ಮಾತ್ರ ಯಾರೂ ಎಣಿಸದಂತಹದು.

ಹಳೆಯ ಫೋನಿನಲ್ಲಿದ್ದುದನ್ನು ಹೊಸದಕ್ಕೆ ತುಂಬುವ ಕೆಲಸವನ್ನು ಅವನ ಮೊಮ್ಮಗನು ಮಾಡಿದನು. ಎರಡನ್ನೂ ಒಂದು ತಂತಿಯಿಂದ ಜೋಡಿಸಿದರೆ ಹೆಸರುಗಳು, ಅಂಕಿಗಳು, ಚಿತ್ರಗಳು ತಾವಾಗಿ ಹರಿದು ಬರುತ್ತವೆ. ಪೂರ್ವದಲ್ಲಿ ಮಠಗಳ ಲಿಪಿಕಾರರು ಹಳೆಯ ಓಲೆಗರಿಯನ್ನು ಮುಂದಿಟ್ಟುಕೊಂಡು ಹೊಸ ಗರಿಯ ಮೇಲೆ ಕಂಟದಿಂದ ಕೊರೆದು ಪ್ರತಿಮಾಡುತ್ತಿದ್ದರು. ಹುಳು ತಿಂದ ಗರಿಯಿಂದ ಹುಳು ತಿನ್ನದ ಗರಿಗೆ ವಚನಗಳು ದಾಟಿ ಬಂದವು. ಆ ಕಟ್ಟುಗಳನ್ನು ಮನೆಮನೆಗೆ ತಿರುಗಿ ಸಂಗ್ರಹಿಸಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದು, 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದ ಫ. ಗು. ಹಳಕಟ್ಟಿಯವರು ಓಲೆಯಿಂದ ಕಾಗದಕ್ಕೆ ದಾಟಿಸಿದರು. ಈಗ ಅವು ಕಾಗದದಿಂದ ಈ ಗಾಜಿಗೆ ದಾಟಿವೆ. ದಾಟುವಾಗಲೆಲ್ಲ ಏನೋ ಒಂದಿಷ್ಟು ಉಳಿದುಹೋಗುತ್ತದೆ. ಲಿಪಿಕಾರನ ಕಣ್ತಪ್ಪಿದ ಸಾಲು ಮತ್ತೆ ಸಿಗುವುದಿಲ್ಲ. ದಾಟಿಸಲಾಗದ ವಸ್ತುಗಳೂ ಉಂಟು. ಹಣ ಕಳುಹಿಸುವ ವ್ಯವಸ್ಥೆಯು ಹಳೆಯ ಫೋನಿನಿಂದ ನಕಲಾಗಿ ಬರಲಿಲ್ಲ. ಹೊಸ ಯಂತ್ರದಿಂದಲೇ ಸಂದೇಶ ಹೋಗಿ, ಅಂಕಿಯನ್ನು ಮತ್ತೆ ದೃಢಪಡಿಸಿ, ಹೊಸದಾಗಿ ನೋಂದಾಯಿಸಬೇಕಾಯಿತು. ದೀಕ್ಷೆಯೂ ಹೀಗೆಯೇ. ತಂದೆಯ ಗ್ರಂಥವು ಮಗನಿಗೆ ಬರುತ್ತದೆ, ದೀಕ್ಷೆ ಬರುವುದಿಲ್ಲ.

ಎಲ್ಲವೂ ಬಂದಿತೆಂದು ತಿಳಿದ ಎರಡು ದಿನಗಳ ಮೇಲೆ, ಒಂದು ಬಾರದೆ ಉಳಿದುದು ತಿಳಿಯಿತು. ಅವನ ತಾಯಿ ಲಿಂಗೈಕ್ಯರಾಗಿ ಎರಡು ವರ್ಷಗಳಾಗಿದ್ದವು. ಆಕೆಯ ಕೊನೆಯ ವರ್ಷದ ಹಲವು ಕರೆಗಳ ಧ್ವನಿಯು ಹಳೆಯ ಫೋನಿನ ಒಂದು ಮೂಲೆಯಲ್ಲಿ ಬೇರೆಯಾಗಿ ಶೇಖರವಾಗಿತ್ತು. ತಂತಿಯಲ್ಲಿ ಅದು ಬರಲಿಲ್ಲ. ಹಳೆಯದನ್ನು ವಾರದೊಳಗೆ ಅಂಗಡಿಗೆ ಒಪ್ಪಿಸಿದರೆ ಬೆಲೆಯಲ್ಲಿ ಒಂದಿಷ್ಟು ಇಳಿಸುವುದಾಗಿ ಮಾತಾಗಿತ್ತು. ಒಪ್ಪಿಸುವ ಮುಂಚೆ ಒಳಗಿರುವುದನ್ನೆಲ್ಲ ಅಳಿಸಬೇಕು. ಮಠದಲ್ಲಿ ಅವನು ಕಡೆಗೆ ಹೇಳಿಕೊಂಡುದು ಈ ಸಂಗತಿಯನ್ನೇ. "ಬುದ್ಧೀ, ಲಿಂಗೈಕ್ಯರಾದವರಿಗೆ ಬರುವ ಹೋಗುವ ಹಾದಿಯಿಲ್ಲವೆಂದು ನೀವೇ ಅಪ್ಪಣೆ ಕೊಡಿಸಿದ್ದೀರಿ. ಹಾಗಿದ್ದಮೇಲೆ ಅವ್ವನ ದನಿಯನ್ನು ಇಟ್ಟುಕೊಳ್ಳುವುದು ಮೋಹವಲ್ಲವೇ? ಅಳಿಸಿಬಿಡಲೇ?"

ಸ್ವಾಮಿಗಳು ಕೂಡಲೆ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ನಿನ್ನ ಅಟ್ಟದ ಮೇಲೆ ಕಾಯಿಗಳನ್ನು ಎಷ್ಟು ತಿಂಗಳು ಇಡುತ್ತೀಯೆ?" ಎಂದು ಕೇಳಿದರು.

"ಹತ್ತು ಹನ್ನೆರಡು ತಿಂಗಳು ಬೇಕು, ಬುದ್ಧೀ."

"ಎರಡು ತಿಂಗಳಿಗೇ ಒಡೆದರೆ?"

"ಕೊಬ್ಬರಿ ಕರಟ ಬಿಡೋದಿಲ್ಲ. ಕಿತ್ತರೆ ಚೂರಾಗ್ತದೆ."

"ಒಣಗಿದ ಮೇಲೆ?"

"ಒಳಗೇ ಬಿಟ್ಟುಕೊಂಡು ಗುಡುಗುಡು ಅಂತದೆ. ಕರಟ ಒಡೆದರೆ ಉಂಡೆ ಇಡಿಯಾಗಿ ಈಚೆಗೆ ಬರ್ತದೆ."

"ಅದಕ್ಕೆ ಅವಸರ ಮಾಡಬೇಡ. ಆ ದನಿಯಲ್ಲಿ ಏನಿದೆಯೆಂದು ಕೇಳಿದ್ದೀಯಾ?"

ಅವನು ಕೇಳಿರಲಿಲ್ಲ. ಎರಡು ವರ್ಷ ಅದನ್ನು ಇಟ್ಟುಕೊಂಡಿದ್ದನೇ ಹೊರತು ತೆರೆಯುವ ಧೈರ್ಯವಾಗಿರಲಿಲ್ಲ. ಮಠದ ಜಗಲಿಯ ಮೇಲೆ ಕುಳಿತು ಅಂದು ಮೊದಲ ಸಲ ಕೇಳಿದನು. ಘನವಾದ ಮಾತುಗಳೇನೂ ಅಲ್ಲಿರಲಿಲ್ಲ. "ಪೂಜೆ ಆಯ್ತೇನಪ್ಪ?", "ಬಿಸಿಲಲ್ಲಿ ತಿರುಗಬೇಡ", "ಮೊಮ್ಮಗಳಿಗೆ ಕೆಮ್ಮು ನಿಂತಿತಾ?" ಎಂಬಿವೇ. ಎರಡು ಮೂರು ಕರೆಗಳಲ್ಲಿ ಮಾತ್ರ ಆಕೆ ಒಂದನ್ನೇ ಮತ್ತೆ ಮತ್ತೆ ಕೇಳಿದ್ದಳು: "ಕಾಯಿ ಸುಲಿಯೋನಿಗೆ ಹೋದ ವರ್ಷದ ಬಾಕಿ ಕೊಟ್ಟೆಯೇನೋ? ಅವನು ಬಾಯಿಬಿಟ್ಟು ಕೇಳೋನಲ್ಲ." ಪ್ರತಿಸಲವೂ ಮಗನು, "ಕೊಡ್ತೀನಿ ಅವ್ವ, ಆಮೇಲೆ ಮಾತಾಡ್ತೀನಿ" ಎಂದು ಕರೆಯನ್ನು ಮುಗಿಸಿದ್ದನು. ಆಕೆಯ ಕಾಯಿಲೆ, ಆಮೇಲಿನ ಕಾರ್ಯಗಳ ಗದ್ದಲದಲ್ಲಿ ಆ ಬಾಕಿಯು ಹಾಗೆಯೇ ನಿಂತಿತ್ತು. ಚೀಟಿಯಲ್ಲಿ ಬರೆದಿರಲಿಲ್ಲ, ಯಂತ್ರದಲ್ಲಿತ್ತು, ಯಂತ್ರವನ್ನು ಅಳಿಸುವುದರಲ್ಲಿದ್ದನು.

ಅದು ಮೋಹವೋ ಅಲ್ಲವೋ ಎಂಬ ಪ್ರಶ್ನೆಯನ್ನು ಅವನು ಮತ್ತೆ ಎತ್ತಲಿಲ್ಲ. ಮೊಮ್ಮಗನು ಆ ಧ್ವನಿಗಳನ್ನು ಬೇರೆ ರೀತಿಯಿಂದ ಹೊಸದಕ್ಕೆ ದಾಟಿಸಿದನು. ಅಂಗಡಿಯ ರಿಯಾಯಿತಿಯನ್ನು ಬಿಟ್ಟು, ಹಳೆಯ ಫೋನಿಗೆ ಹೊಸ ಬ್ಯಾಟರಿಯನ್ನು ಹಾಕಿಸಿ, ಎರಡು ವರ್ಷಗಳ ಹೆಚ್ಚುವರಿಯನ್ನೂ ಸೇರಿಸಿದ ಬಾಕಿಯೊಡನೆ ಅದನ್ನು ತೆಗೆದುಕೊಂಡು ಅವನು ಕಾಯಿ ಸುಲಿಯುವವನ ಮನೆಗೆ ಹೋದನು. ಆ ಮನುಷ್ಯನು ಹಣವನ್ನು ಎಣಿಸದೆ ಹೆಂಡತಿಯ ಕೈಗೆ ಕೊಟ್ಟನು. ಫೋನನ್ನು ಮಾತ್ರ ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದನು.

ಅದನ್ನು ತೆರೆಯುವುದಕ್ಕೆ ಅವನ ಬೆರಳಿನ ಗುರುತನ್ನು ಕೂಡಿಸಬೇಕಾಯಿತು. ಯಂತ್ರವು ಬೆರಳ ತುದಿಯ ಗೆರೆಗಳನ್ನು ಓದಿ ತನ್ನೊಳಗೆ ಲೆಕ್ಕವಾಗಿ ಇಟ್ಟುಕೊಳ್ಳುತ್ತದೆ. ಗೆರೆಗಳಿಲ್ಲದಿದ್ದರೆ ಅದಕ್ಕೆ ಓದಲು ಏನೂ ಇಲ್ಲ. ಮೂವತ್ತು ವರ್ಷ ನಾರನ್ನು ಕಿತ್ತ ಆ ಬೆರಳುಗಳಲ್ಲಿ ಗೆರೆಗಳು ಸವೆದುಹೋಗಿದ್ದವು. ಹೆಬ್ಬೆರಳನ್ನಿಟ್ಟರೆ ಮತ್ತೊಮ್ಮೆ ಇಡೆಂದಿತು, ತೋರುಬೆರಳನ್ನಿಟ್ಟರೂ ಹಾಗೆಯೇ. "ನನ್ನ ಕೈ ಇದಕ್ಕೆ ಆಗೋದಿಲ್ಲ ಬಿಡಿ ಯಜಮಾನ್ರೇ, ಚೌಕಾಸಿಲ್ಲದ ಕೈ" ಎಂದು ಅವನು ಸಂಕೋಚದಿಂದ ಕೈಯನ್ನು ಹಿಂದಕ್ಕೆ ಎಳೆದುಕೊಂಡನು. ವ್ಯಾಪಾರಿಯು ಬಿಡಲಿಲ್ಲ. ಪಕ್ಕದಲ್ಲಿ ನೆಲದ ಮೇಲೆ ಕುಳಿತು, ಆ ಕೈಯನ್ನು ತನ್ನ ಎಡಗೈಯ ಮೇಲಿಟ್ಟುಕೊಂಡು, ಒಂದೊಂದು ಬೆರಳನ್ನೂ ತನ್ನ ಶಲ್ಯದಿಂದ ಒರೆಸಿ ಒರೆಸಿ ಇಡಿಸಿದನು. ಒಂಬತ್ತು ಬೆರಳುಗಳನ್ನು ಅದು ಒಲ್ಲೆನೆಂದಿತು. ಎಡಗೈಯ ಕಿರುಬೆರಳು ನಾರನ್ನು ಅಷ್ಟಾಗಿ ಮುಟ್ಟಿರಲಿಲ್ಲವೆಂದು ತೋರುತ್ತದೆ; ಅದನ್ನು ಒಪ್ಪಿತು.